ಬಟ್ಟೆಯ ಸವತಿ

ನನ್ನ ಗಂಡ ಯುದ್ಧದಿಂದ ಹಿಂತಿರುಗಿದಾಗ ಕೈ, ಕಾಲು, ಕಣ್ಣು, ಮೂಗು ಎಲ್ಲ ನೆಟ್ಟಗಿದ್ದವು. ಬೆಳಕವಾಡಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ಪುಣ್ಯ ಮಾಡಿದ್ದೆ ಬುಡು ಅಂದರು. ಆಮೇಲೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, ದನಿ ತಗ್ಗಿಸಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಈಜಿಪ್ಟಿನಲ್ಲಿ ಯಾವಳನ್ನಾದರೂ ಇಟ್ಟುಕೊಂಡಿದ್ದನಾ, ವಿಚಾರಿಸಿದ್ಯಾ ಅಂತ.

ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಹೆಂಗಸಾದರೆ ಬೈಯಬಹುದು, ಹಿಡಿ ಮಣ್ಣು ತೂರಬಹುದು, ಅವಳ ಮೂಗು ಸೊಟ್ಟ, ಅವಳ ಮೈಬಣ್ಣ ಸುಣ್ಣ ಅನ್ನಬಹುದು. ನನ್ನ ಸವತಿಗೆ ಮೂಗೂ ಇರಲಿಲ್ಲ, ಮೈಬಣ್ಣವೂ ಇರಲಿಲ್ಲ. ಅವಳು ಬಟ್ಟೆಯವಳು. ಎರಡು ಕಂಬ, ಒಂದಷ್ಟು ಗೂಟ, ಹಗ್ಗ. ಆಫ್ರಿಕದ ಮರಳುಗಾಡಿನ ಮಧ್ಯೆ ನಿಂತಿದ್ದ ಒಂದು ಡೇರೆ. ನನ್ನ ಗಂಡ ಅದರಲ್ಲಿ ಮೂರು ವರ್ಷ ಸಂಸಾರ ಮಾಡಿ ಬಂದಿದ್ದರು.

ಯುದ್ಧಕ್ಕೆ ಹೋಗುವ ಮೊದಲು ಅವರಿಗೆ ಹತ್ತಿರದ ಬ್ಲಫಿನ ಪವರ್‌ಹೌಸಿನಲ್ಲಿ ಕರೆಂಟಿನ ಕೆಲಸ. ದಿನಾ ಸೈಕಲ್ಲಿನಲ್ಲಿ ಹೋಗಿ, ಕಂಬ ಹತ್ತಿ ಇಳಿದು ಬರುತ್ತಿದ್ದರು. ಅಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲಿ ಹಾದು ಎಲ್ಲೋ ದೂರದ ಚಿನ್ನದ ಗಣಿಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ನಮ್ಮೂರಿನವರೇ ಕಟ್ಟಿರಬೇಕು. ಕರೆಂಟಿನ ಕೆಲಸ ಬಲ್ಲವರು ಬೇಕು ಅಂತ ಸೈನ್ಯದವರು ಕೇಳಿದಾಗ ಇವರು ಹೆಸರು ಕೊಟ್ಟೇ ಮನೆಗೆ ಬಂದರು. ನಮ್ಮ ಮದುವೆಯಾಗಿ ಆಗಿನ್ನೂ ವರ್ಷ ತುಂಬಿತ್ತು. ನಮ್ಮ ಅತ್ತೆ ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಅತ್ತರು. ಅತ್ತೆ ಅಳುವಾಗ ಸೊಸೆ ಅಳುವುದು ಸರಿಯಲ್ಲ, ನೀರು ತಂದುಕೊಡಬೇಕು. ನಾನು ನೀರು ತಂದುಕೊಟ್ಟೆ.

ಅವರು ಹೋದ ಎರಡನೆಯ ವರ್ಷ ಮಳವಳ್ಳಿ ಕಡೆಯ ಸಿಪಾಯಿಯೊಬ್ಬ ರಜೆಯಲ್ಲಿ ಬಂದವನು ನಮ್ಮ ಮನೆ ಹುಡುಕಿಕೊಂಡು ಬಂದ. ಮಜ್ಜಿಗೆ ಕುಡಿದು, ತಲೆ ಕೆರೆದುಕೊಂಡು, ನಿಮ್ಮ ಮಗ ಗಟ್ಟಿಯಾಗಿದ್ದಾನೆ, ಏನೇನೋ ಹೇಳಿ ಕಳಿಸಿದ್ದ, ಹಡಗಿನಲ್ಲಿ ವಾಂತಿ ಮಾಡಿ ಮಾಡಿ ಎಲ್ಲ ಮರೆತುಹೋಯಿತು ಅಂದ. ಒಂದೇ ಒಂದು ಮಾತು ನೆನಪಿನಲ್ಲಿ ಉಳಿದಿತ್ತು. "ಒಂಟೆ ಅಂತ ಏಳು ಅಂದಿದ್ದ ಕಣಮ್ಮ," ಅಂದ.

ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೊಂಟೆ ಅನ್ನುವುದು ಒಂಟೆ ಆಗುತ್ತದೆ. ಹೊರಟೆ ಅಂತ ಅರ್ಥ. ಮಗ ಅಲ್ಲಿಂದ ಹೊರಟಿದ್ದಾನೆ ಅಂತ ಅತ್ತೆ ಆ ದಿನವೇ ಗೋಡೆಗೆ ಸುಣ್ಣ ಕಲೆಸಿದರು. ನಾನು ದಿನಾ ತಲೆ ಬಾಚಿ ಹೂ ಮುಡಿದು, ಮಳವಳ್ಳಿ ಕಡೆಯಿಂದ ಏದುಸಿರು ಬಿಡುತ್ತ ಬರುತ್ತಿದ್ದ, ಇದ್ದಿಲು ಉರಿಸಿ ಓಡಿಸುವ ಬಸ್ಸಿಗೆ ಕಾದು ನಿಂತೆ. ಬಸ್ಸು ನಿಲ್ಲುತ್ತಿತ್ತು, ಯಾರ್‍ಯಾರೋ ಇಳಿಯುತ್ತಿದ್ದರು, ನಾನು ಹೂ ಕಿತ್ತು ಬೇಲಿಗೆ ಎಸೆದು ಬರುತ್ತಿದ್ದೆ. ಹದಿನೈದು ದಿನವೋ ಇಪ್ಪತ್ತು ದಿನವೋ, ಊರಿನವರು ನಗುವ ತನಕ ನಿಂತೆ. ನನ್ನ ಗಂಡ ಬಂದದ್ದು ಅದಾದ ಮೇಲೆ ಎರಡು ವರ್ಷಕ್ಕೆ, ಯುದ್ಧ ಮುಗಿದ ಮೇಲೆ. ಆಗ ತಿಳಿಯಿತು. ಅವರು ಹೇಳಿ ಕಳಿಸಿದ್ದು ಮರಳುಗಾಡಿನ ಪ್ರಾಣಿಯ ವಿಷಯ. ಮೊದಲನೆಯ ಸಲ ಒಂಟೆ ಹತ್ತಿ ಕೂತಿದ್ದರಂತೆ, ಅವ್ವನಿಗೆ ಗೊತ್ತಾಗಲಿ ಅಂತ ಆಸೆಯಂತೆ. ನಾನು ರಸ್ತೆಯಲ್ಲಿ ಬಸ್ಸಿನ ಧೂಳು ಕುಡಿಯುತ್ತಿದ್ದಾಗ ಅವರು ಅದರ ಬೆನ್ನಿನ ಮೇಲೆ ಇದ್ದರು. ಇದನ್ನು ಅವರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದರು. ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಡೇರೆಯ ಕಥೆ ಹೀಗೆ. ಯುದ್ಧದ ನಡುವೆ ದೊಡ್ಡ ದೊಡ್ಡ ಸಾಹೇಬರು ನಾಲ್ಕು ದಿನ ದಣಿವಾರಿಸಿಕೊಳ್ಳಲಿ ಅಂತ ಮರಳಿನ ಮೇಲೆ ಒಂದು ಡೇರೆಯ ಊರನ್ನೇ ಕಟ್ಟಿದ್ದರಂತೆ. ಕೆಲವರು ತಮ್ಮ ದೊರೆಸಾನಿಯರನ್ನೂ ಕರೆದುಕೊಂಡು ಬಂದು ಇರುತ್ತಿದ್ದರಂತೆ. ಪ್ರತಿ ಡೇರೆಗೂ ಕರೆಂಟಿನ ಬಲ್ಬು. ಆ ಬಲ್ಬು ಉರಿಸುವ ಡೈನಮೋ ನೋಡಿಕೊಳ್ಳುವುದು ನನ್ನ ಗಂಡನ ಕೆಲಸ. ಡೈನಮೋ ಕೆಟ್ಟರೆ ತಕ್ಷಣ ಓಡಿ ಬರಬೇಕಲ್ಲ, ಅದಕ್ಕೆ ಸಾಹೇಬರ ಸಾಲಿನಲ್ಲೇ ಕೊಟ್ಟಕೊನೆಯ ಡೇರೆಯನ್ನು ಇವರಿಗೆ ಕೊಟ್ಟರು. ಸಾಹೇಬರಿಗೆ ಏನು ಹಾಸಿದ್ದರೋ ಇವರಿಗೂ ಅದೇ. ನೆಲದ ತುಂಬ ಕೆಂಪು ಜಮಖಾನ, ಕಬ್ಬಿಣದ ಮಂಚ, ಸೊಳ್ಳೆಪರದೆ, ಮಡಿಸುವ ಮೇಜು, ಕನ್ನಡಿ. ಸ್ನಾನಕ್ಕೆ ದಪ್ಪ ಬಟ್ಟೆಯಲ್ಲೇ ಮಾಡಿದ ತೊಟ್ಟಿ, ಅದರ ತುಂಬ ಬಿಸಿನೀರು. ಬೆಳಿಗ್ಗೆ ಹೊರಗೆ ಒಬ್ಬ ಕೆಮ್ಮುತ್ತಿದ್ದನಂತೆ. ಇವರು ಊಂ ಅಂದ ಮೇಲೆ ಪರದೆ ಸರಿಸಿ ಚಹಾ ತಂದಿಡುತ್ತಿದ್ದನಂತೆ. ಹಾಸಿಗೆಯಲ್ಲಿ ಕೂತೇ ಕುಡಿಯುವುದು. ಬಾಯಿ ತೊಳೆಯದೆ.

ಬಾಯಿ ತೊಳೆಯದೆ ಕುಡಿದ ಚಹಾದ ರುಚಿಯನ್ನು ನನ್ನ ಗಂಡ ನಮ್ಮ ಜಗಲಿಯ ಮೇಲೆ ಕೂತು ಊರಿಗೆಲ್ಲ ಎಷ್ಟು ಸಲ ಹಂಚಿದರೋ. ಸಂಜೆ ಆದರೆ ಗಂಡಸರು ಬಂದು ಸೇರುತ್ತಿದ್ದರು. ಮರಳು ಬೆಳಗಿನ ಹೊತ್ತು ಯಾವ ಬಣ್ಣ, ಇಳಿಹೊತ್ತು ಯಾವ ಬಣ್ಣ, ಗಾಳಿ ಎದ್ದಾಗ ಡೇರೆಯ ಬಟ್ಟೆ ಹೇಗೆ ಉಬ್ಬಿ ಇಳಿಯುತ್ತದೆ, ಒಳಗೆ ಕೂತವನಿಗೆ ಯಾರದೋ ಮಡಿಲಲ್ಲಿ ಕೂತಂತೆ ಹೇಗೆ ಅನಿಸುತ್ತದೆ. ನಾನು ಬಾಗಿಲ ಹಿಂದೆ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ನನ್ನ ವಿಷಯವಾಗಿ ಆ ಮನುಷ್ಯ ಅಷ್ಟು ಉದ್ದ ಯಾವತ್ತೂ ಮಾತಾಡಿರಲಿಲ್ಲ. ಯಾರದೋ ಮಡಿಲಂತೆ! ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಸೊಪ್ಪಿನ ಜೊತೆ ದಂಟನ್ನೂ ಬೇರನ್ನೂ ಹಾಕಿ ಬೇಯಿಸಿ ಬಡಿಸಿದೆ.

ಅಲ್ಲಿನ ಚಾಳಿಯನ್ನೂ ಹೊತ್ತು ತಂದಿದ್ದರು. ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮೊದಲು ತಿರುವಿ ಹಾಕಿ ಕೊಡವುತ್ತಿದ್ದರು, ಚೇಳಿರುತ್ತದಂತೆ. ಅಡುಗೆಮನೆಗೆ ಬರುವ ಮೊದಲು ಹೊರಗೆ ನಿಂತು ಕೆಮ್ಮುತ್ತಿದ್ದರು. ಡೇರೆಗೆ ಬಾಗಿಲಿಲ್ಲ, ತಟ್ಟುವ ಹಾಗಿಲ್ಲ, ಕೆಮ್ಮುವುದೇ ಅಲ್ಲಿನ ಮರ್ಯಾದೆ. ಇದು ತಿಳಿಯದ ಅತ್ತೆ, ಮಗನಿಗೆ ಎದೆ ಕೆಟ್ಟಿದೆ ಅಂತ ಹೆದರಿ ಮೆಣಸು ಶುಂಠಿ ಕುಟ್ಟಿ ದಿನಾ ಎರಡು ಹೊತ್ತು ಕಷಾಯ ಕುಡಿಸಿದರು. ಅವರು ಯಾಕೆ ಅಂತ ಕೇಳದೆ ಕುಡಿದರು. ನನಗೆ ಕೆಮ್ಮಿನ ಕಾರಣ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಕುಡಿಯಲಿ ಅಂದುಕೊಂಡೆ. ಕಷಾಯದಲ್ಲಿ ಮೆಣಸು ಕಮ್ಮಿ ಅನಿಸಿದ ದಿನ ನಾನೇ ಒಂದು ಚಿಟಿಕೆ ಸೇರಿಸಿದ್ದೂ ಉಂಟು.

ಬಚ್ಚಲಿಗೆ ಹೋದರೆ ಹೊಗೆ ಅನ್ನುತ್ತಿದ್ದರು. ಚಾಪೆಯ ಮೇಲೆ ಬೆನ್ನು ನೋವು ಅನ್ನುತ್ತಿದ್ದರು. ಬುಡ್ಡಿ ದೀಪದ ಮುಂದೆ ಕೂತು ಕಣ್ಣು ಕಿರಿದು ಮಾಡಿ, ಅಲ್ಲಿ ಒಂದು ಗುಂಡಿ ಒತ್ತಿದರೆ ಸಾಕಿತ್ತು ಅನ್ನುತ್ತಿದ್ದರು. ಬಲ್ಬು, ತೊಟ್ಟಿ, ಜಮಖಾನ. ಅತ್ತೆಯ ಮುಂದೆ ನಾನು ಏನೂ ಹೇಳುವ ಹಾಗಿರಲಿಲ್ಲ. ನಮ್ಮದು ಎರಡು ಅಂಕಣದ ಮನೆ. ಅತ್ತೆ ಮಲಗುವ ಜಾಗಕ್ಕೂ ನಮ್ಮ ಜಾಗಕ್ಕೂ ನಡುವೆ ಇದ್ದದ್ದು ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ ಒಂದೇ. ವಾಡೆಯಾಚೆ ಅವರು ಮಗ್ಗುಲು ಬದಲಿಸಿದರೂ ನಮಗೆ ಗೊತ್ತಾಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳವಾಡಲು ಜಾಗ ಇದ್ದವರ ಮಾತು ಅದು.

ಇಷ್ಟೇ ಆಗಿದ್ದರೆ ಉರಿದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ಡೇರೆಯ ಊರನ್ನು ನೋಡಿಕೊಳ್ಳುತ್ತಿದ್ದ ಸಾಹೇಬ ಇವರಿಗೊಂದು ಕಾಗದ ಬರೆದ. ಯುದ್ಧ ಮುಗಿಯಿತು, ಈಗ ಆಫ್ರಿಕದಲ್ಲೇ ಇನ್ನೊಂದು ಮರಳುಗಾಡಿನಲ್ಲಿ ಅಂಥದೇ ಡೇರೆಗಳನ್ನು ಹಾಕುತ್ತೇನೆ, ಬೇಟೆಗೆ ಬರುವ ಶ್ರೀಮಂತರು ಬಂದು ಇಳಿಯುತ್ತಾರೆ, ಡೈನಮೋ ನಿನಗೇ, ಹಳೆಯ ಹಾಗೆ ಕೊನೆಯ ಡೇರೆಯೂ ನಿನಗೇ. ಸುಗ್ಗಿಯೊಳಗೆ ಉತ್ತರ ಬರೆಯಬೇಕಂತೆ. ಅವರು ಕಾಗದವನ್ನು ಜಗಲಿಯ ಮೇಲೆ ಎಲ್ಲರಿಗೂ ಓದಿ ಹೇಳಿದರು. ಹೋಗುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮಾರನೆಯ ದಿನ ಅಟ್ಟದ ಮೇಲಿಂದ ಟ್ರಂಕು ಇಳಿಸಿ ಅದರ ಬೀಗಕ್ಕೆ ಎಣ್ಣೆ ಬಿಟ್ಟರು. ನಾನು ಆ ಎಣ್ಣೆಯ ಹನಿ ಬಿದ್ದ ಜಾಗಕ್ಕೆ ಎರಡು ಸಲ ಸಗಣಿ ಸಾರಿಸಿದೆ. ಇನ್ನೊಂದು ಸಲ ಹೋದರೆ ಈ ಮನುಷ್ಯ ತಿರುಗಿ ಬರುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು. ಮಕ್ಕಳೂ ಆಗಿರಲಿಲ್ಲ. ನಿಡಘಟ್ಟದ ತವರಿಗೆ ಹೋಗಿ ಯಾವ ಮುಖ ಹೊತ್ತು ಕೂರಲಿ, ನನ್ನ ಗಂಡ ಬಟ್ಟೆಯ ಹಿಂದೆ ಓಡಿಹೋದ ಅಂತಲೇ?

ನಮ್ಮ ಅತ್ತೆಗೆ ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ನಾನು ರಾಗಿ ಬೀಸುವ ಕಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದುದನ್ನು ಒಂದು ದಿನ ನೋಡುತ್ತ ನಿಂತರು. ಆಮೇಲೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹೇಳಿದರು. "ಸವತಿ ಮ್ಯಾಲೆ ಉರ್ಕಂಡು ಕೂತ್ರೆ ಏನ್ಲೇ ಬತ್ತದೆ? ನೀನೇ ಆರತಿ ಎತ್ತಿ ಮನೆ ತುಂಬಿಸ್ಕೊ. ಆಗ ನೀನು ಇರೀಕಳು, ಅವಳು ಕಿರೀಕಳು."

ಅದು ನಮ್ಮ ಕಡೆ ಹಳೆಯ ಪದ್ಧತಿ. ಗಂಡ ಎರಡನೆಯವಳನ್ನು ತಂದರೆ ಮೊದಲನೆಯವಳೇ ಹೊಸಿಲಲ್ಲಿ ಆರತಿ ಎತ್ತಿ ಒಳಗೆ ಕರೆಯಬೇಕು. ಕರೆದ ಮೇಲೆ ಯಜಮಾನಿಕೆ ಅವಳದು, ಬಂದವಳು ಅವಳ ಕೈಕೆಳಗೆ. ಅತ್ತೆ ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ನನಗೆ ಗೊತ್ತಾಗಲಿಲ್ಲ. ನಾನು ಮಾತ್ರ ನಿಜ ಅಂತಲೇ ಹಿಡಿದೆ. ಆ ಸವತಿಯನ್ನು ಮರಳುಗಾಡಿನಿಂದ ಎಳೆದು ತಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಬೇಕು. ಬೂದಿಗುಂಡಿಯ ಪಕ್ಕ, ಎಮ್ಮೆಯ ಎದುರಿಗೆ ನಿಂತರೆ ಅವಳ ಬಣ್ಣ ಬಯಲಾಗುತ್ತದೆ. ಆಮೇಲೆ ಜಗಲಿಯ ಮೇಲೆ ಯಾರು ಏನು ಹೇಳುತ್ತಾರೋ ನೋಡೋಣ ಅಂದುಕೊಂಡೆ.

ಮಳವಳ್ಳಿಯಲ್ಲಿ ಒಬ್ಬ ಸಾಬರು ಮದುವೆ ಮುಂಜಿಗೆ ಶಾಮಿಯಾನ, ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜು ಹಾಕಿದ ಡೇರೆಗಳನ್ನು ಅವರು ತಂದಿಟ್ಟಿದ್ದಾರೆ ಅನ್ನುವ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಅತ್ತೆಯನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದೆ. ವಯಸ್ಸಾದ ಮನುಷ್ಯ, ಗಡ್ಡಕ್ಕೆ ಮದರಂಗಿ ಹಚ್ಚಿದ್ದರು, ಅಂಗಡಿಯ ಮುಂದೆ ಕೂತು ಗ್ಯಾಸ್‌ಲೈಟಿನ ಗಾಜು ಒರೆಸುತ್ತಿದ್ದರು. ಡೇರೆ ಬೇಕು ಅಂದಾಗ, ಯಾರ ಮದುವೆ ತಾಯಿ ಅಂತ ಕೇಳಿದರು. ಅತ್ತೆ ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ, "ನನ್ ಮಗನ ಎಲ್ಡನೇ ಮದ್ವೆ ಸಾಬ್ರೇ," ಅಂದರು.

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಸಾಬರು ನಗಲಿಲ್ಲ. ಗಾಜನ್ನು ಕೆಳಗಿಟ್ಟು, ತಮ್ಮ ತಮ್ಮನೊಬ್ಬ ಅದೇ ಮರಳುಗಾಡಿಗೆ ಲಾರಿ ರಿಪೇರಿಗೆ ಅಂತ ಹೋದವನು ಇನ್ನೂ ಬಂದಿಲ್ಲ ಅಂದರು. ಬಾಡಿಗೆಗೆ ನಮ್ಮ ಆಲೆಮನೆಯ ಬೆಲ್ಲ ಸಾಕು ಅಂದರು. ಎರಡು ದಿನದಲ್ಲಿ ಎತ್ತಿನ ಗಾಡಿಯಲ್ಲಿ ಡೇರೆಯನ್ನು ಹೇರಿಕೊಂಡು ತಾವೇ ಬಂದರು.

ಆ ದಿನ ನನ್ನ ಗಂಡ ಬ್ಲಫಿಗೆ ಹೋಗಿದ್ದರು. ಯುದ್ಧದಿಂದ ಬಂದ ಮೇಲೆ ಹಳೆಯ ಕೆಲಸವೇ ಸಿಕ್ಕಿತ್ತು. ಹಿತ್ತಲಲ್ಲಿ ಸಾಬರು ಗೂಟ ಹೊಡೆದರು, ನಾನೂ ಅತ್ತೆಯೂ ಹಗ್ಗ ಹಿಡಿದೆವು. ಡೇರೆ ಎದ್ದು ನಿಂತಾಗ ನನಗೆ ಬಹಳ ಸಮಾಧಾನವಾಯಿತು. ಮಾಸಲು ಬಣ್ಣ, ಅಲ್ಲಲ್ಲಿ ತೇಪೆ, ಮಳೆಯಲ್ಲಿ ನೆನೆದ ಗೋಣಿಯ ವಾಸನೆ. ಇವಳಾ ಅಪ್ಸರೆ? ಒಳಗೆ ನಮ್ಮ ಹರಕು ಚಾಪೆ ಹಾಸಿದೆ, ಕಂಬಳಿ ಇಟ್ಟೆ, ಬೇಕಂತಲೇ ಬಟ್ಟೆಯ ತೊಟ್ಟಿಯ ಬದಲು ಎಮ್ಮೆಗೆ ನೀರು ಕುಡಿಸುವ ಬಾನಿ ತಂದು ಮೂಲೆಗಿಟ್ಟೆ. ಬಲ್ಬಿನ ಜಾಗಕ್ಕೆ ಬುಡ್ಡಿ. ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಅತ್ತೆ ಕುಂಕುಮದ ನೀರು ಕಲೆಸಿ ತಟ್ಟೆ ನನ್ನ ಕೈಗೆ ಕೊಟ್ಟರು.

ಅವರು ಹಿತ್ತಲಿಗೆ ಬಂದಾಗ ನಾನು ಡೇರೆಗೆ ಆರತಿ ಎತ್ತುತ್ತಿದ್ದೆ. ಬೇಲಿಯಾಚೆ ಅರ್ಧ ಊರು ನಿಂತು ಕಿಸಕಿಸ ನಗುತ್ತಿತ್ತು. ಅವರಿಗೆ ನಾಚಿಕೆಯಾಗುತ್ತದೆ, ಸಿಟ್ಟು ಬರುತ್ತದೆ, ಅಲ್ಲಿಗೆ ಈ ಹುಚ್ಚು ಬಿಡುತ್ತದೆ ಅಂತ ನನ್ನ ಲೆಕ್ಕ. ಅವರು ನನ್ನನ್ನು ನೋಡಲೇ ಇಲ್ಲ. ಸೈಕಲ್ಲನ್ನು ಹಾಗೇ ನೆಲಕ್ಕೆ ಬಿಟ್ಟು, ಹೋಗಿ ಒಂದು ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿದರು. ಸಡಿಲ ಆಯಿತು ಸಾಬ್ರೇ ಅಂದರು. ಒಂದೊಂದು ಗೂಟವನ್ನೂ ಕಿತ್ತು ಓರೆಯಾಗಿ ಹೊಡೆದರು. ಬಟ್ಟೆ ಬಿಗಿಯಿತು, ಸುಕ್ಕೆಲ್ಲ ಹೋಯಿತು. ಮದುಮಗ ಹೊಸಬಳ ಸೆರಗು ಸರಿಮಾಡುವುದನ್ನು ಹಿರಿಯ ಹೆಂಡತಿ ತಟ್ಟೆ ಹಿಡಿದುಕೊಂಡು ನೋಡಿದ ಹಾಗೆ ನಾನು ನೋಡಿದೆ. ಆಮೇಲೆ ಅವರು ಒಳಗೆ ಹೋಗಿ ಪರದೆ ಬಿಟ್ಟುಕೊಂಡರು.

ಊರಿನವರು ಚೆದುರಿದರು. ಸಾಬರು ಗಾಡಿ ಕಟ್ಟಿಕೊಂಡು ಹೋದರು. ಇಳಿಹೊತ್ತಿನಲ್ಲಿ ಅತ್ತೆ, ಒಂದು ಲೋಟ ಕಾಫಿ ಕೊಟ್ಟು ಬಾ ಹೋಗು ಅಂದರು. ನಾನು ಡೇರೆಯ ಮುಂದೆ ನಿಂತೆ. ತಟ್ಟಲು ಬಾಗಿಲಿಲ್ಲ. ಹಾಳಾಗಲಿ ಅಂತ ಒಂದು ಸಲ ಕೆಮ್ಮಿದೆ. ಒಳಗಿನಿಂದ ಊಂ ಅಂದರು.

ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಇಳಿಬಿಸಿಲು ಬಟ್ಟೆಯ ಮೂಲಕ ಸೋಸಿ ಒಳಗೆಲ್ಲ ಜೇನಿನ ಬಣ್ಣ ಆಗಿತ್ತು. ನಮ್ಮ ಹರಕು ಚಾಪೆಗೂ ಆ ಬಣ್ಣ, ಎಮ್ಮೆಯ ಬಾನಿಗೂ ಆ ಬಣ್ಣ. ಗಾಳಿಗೆ ಬಟ್ಟೆ ಉಬ್ಬಿತು, ಇಳಿಯಿತು. ಹೊರಗೆ ಅತ್ತೆ ಎಮ್ಮೆಯನ್ನು ಬೈಯುತ್ತಿದ್ದರು, ಅದು ಬೇರೆ ಯಾವುದೋ ಊರಿನಿಂದ ಕೇಳಿದ ಹಾಗಿತ್ತು. ನನ್ನ ಗಂಡ ಕೂತ್ಕೊ ಅಂದರು. ಕೂತೆ. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೇ ಇರುವ ಒಂದು ಜಾಗದಲ್ಲಿ ಕೂತದ್ದು ಅದೇ ಮೊದಲು. ರಾಗಿಯ ವಾಡೆ ಇಲ್ಲ, ಮಗ್ಗುಲು ಬದಲಿಸುವ ಸದ್ದಿಲ್ಲ, ಯಾರೋ ಕರೆಯುತ್ತಾರೆ ಅನ್ನುವ ಗಡಿಬಿಡಿ ಇಲ್ಲ. ಅವರು ಲೋಟದ ಕಾಫಿಯಲ್ಲಿ ಅರ್ಧ ನನಗೆ ಕೊಟ್ಟರು. ನಾನು ಅವರ ಮುಂದೆಯೇ ಕುಡಿದೆ.

ಆಗ ನಿಜವಾದ ಹೊಟ್ಟೆಕಿಚ್ಚು ಹತ್ತಿತು. ಅದುವರೆಗೆ ಉರಿದದ್ದು ಬರೀ ಸೌದೆಯ ಹೊಗೆ. ಇಂಥ ಜಾಗದಲ್ಲಿ ಈ ಮನುಷ್ಯ ಮೂರು ವರ್ಷ ಇದ್ದರು, ಒಬ್ಬರೇ ಇದ್ದರು. ನಾನು ಅದೇ ಮೂರು ವರ್ಷ ವಾಡೆಯ ಈಚೆ ಉಸಿರು ಬಿಗಿಹಿಡಿದು ಮಲಗಿದ್ದೆ. ಅವರನ್ನು ಕಿತ್ತುಕೊಂಡಳು ಅಂತ ಡೇರೆಯನ್ನು ಬೈಯುತ್ತಿದ್ದೆನಲ್ಲ, ನನಗೆ ಬೇಕಾಗಿದ್ದದ್ದು ಡೇರೆಯೇ.

"ಅಲ್ಲಿಗೆ ದೊರೆಸಾನೀರು ಬತ್ತಿದ್ರು ಅಂದ್ರಲ್ಲ," ಅಂದೆ. "ಗಂಡನ್ ಜೊತೆ ಇರೋರು ಅಂದ್ರಿ."

"ಊಂ. ಇರೋರು."

"ಅಂಗಾರೆ ಅಲ್ಲಿಗೆ ಎಂಗಸ್ರು ಓಗಬೌದು."

ಅವರು ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುವ ಹಾಗೆ ನಕ್ಕರು. "ಅವ್ರು ದೊರೆಸಾನೀರು ಕಣಮ್ಮಿ. ನೀನು ಅಲ್ಲಿ ಏನ್ ಮಾಡೀಯೆ, ಮುದ್ದೆ ತಿರುವೀಯಾ?"

ನಾನು ಲೋಟ ತೆಗೆದುಕೊಂಡು ಎದ್ದು ಬಂದೆ.

ಡೇರೆ ನಮ್ಮ ಹಿತ್ತಲಲ್ಲಿ ಒಂದು ವಾರ ಇತ್ತು. ಸಂಜೆ ಹೊತ್ತು ನಾನೂ ಹೋಗಿ ಕೂರುತ್ತಿದ್ದೆ. ಬಿಂಕ ಮಾಡಿಕೊಂಡು ಹೊರಗೆ ನಿಂತರೆ ನಷ್ಟ ನನಗೇ ಅಂತ ತಿಳಿದಿತ್ತು. ಅವರು ಮರಳಿನ ಬಣ್ಣ ಹೇಳುತ್ತಿದ್ದರು, ನಾನು ಬಿಡಿಸಿ ಬಿಡಿಸಿ ಕೇಳುತ್ತಿದ್ದೆ. ಆಮೇಲೆ ಮಳವಳ್ಳಿಯಲ್ಲಿ ಯಾರದೋ ಮದುವೆ ಬಂತು, ಸಾಬರು ಗಾಡಿ ತಂದರು. ನನ್ನ ಗಂಡನೇ ಹಗ್ಗ ಬಿಚ್ಚಿದರು. ಬಟ್ಟೆ ಮಡಿಸಿ ಗಾಡಿಗೆ ಹೇರಿ, ಕೈ ಕೊಡವಿಕೊಂಡು, ಅತ್ತೆ ಕೊಟ್ಟ ನೀರು ಕುಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾ ಎಲ್ಲಿಗೂ ಓಗಕಿಲ್ಲ ಕಣವ್ವ. ಬರಾಕಿಲ್ಲ ಅಂತ ಸಾಹೇಬನ್ಗೆ ಬರೆದ್ಬುಡ್ತೀನಿ. ಎಂಡ್ತಿ ಇಷ್ಟೆಲ್ಲ ಮಾಡಿದ್ ಮ್ಯಾಲೆ ಇನ್ನೇನು."

ಅತ್ತೆ ಮಗನಿಗೆ ದೃಷ್ಟಿ ತೆಗೆದರು. ಸಾಬರು ನನ್ನ ಕಡೆ ನೋಡಿ, ಗೆದ್ದೆ ತಾಯಿ ಅಂದರು. ಬೇಲಿಯಾಚೆಯ ಹೆಂಗಸರು, ಗಂಡನನ್ನು ಕಟ್ಟಿಹಾಕೋದು ಇವಳ ಹತ್ರ ಕಲೀಬೇಕು ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಡೇರೆ ನಿಂತಿದ್ದ ಕಡೆ ಹುಲ್ಲು ಹಳದಿಯಾಗಿ ಒಂದು ಚೌಕ ಉಳಿದಿತ್ತು. ನಾನು ಅಲ್ಲಿ ನಿಂತು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆ ಅಂತ ಎಲ್ಲರೂ ತಿಳಿದರು. ಅವರೂ ಹಾಗೇ ತಿಳಿದು, ಹತ್ತಿರ ಬಂದು, ಅಳಬ್ಯಾಡ ಕಣಮ್ಮಿ, ಇದ್ದೀನಲ್ಲ ಅಂದರು.

ಇದ್ದರು. ನನಗಾಗಿಯೇ ಉಳಿದರು, ಕೊನೆಯ ತನಕ ಚೆನ್ನಾಗಿ ನೋಡಿಕೊಂಡರು, ಅದರಲ್ಲಿ ಕೊಂಕಿಲ್ಲ. ಆದರೆ ಹೋಗುವುದೋ ಬಿಡುವುದೋ ಅಂತ ಅಷ್ಟು ದಿನ ಯೋಚಿಸಿದ ಮನುಷ್ಯ, ನೀನೂ ಬತ್ತೀಯಾ ಅಂತ ನನ್ನನ್ನು ಒಂದೇ ಒಂದು ಸಲ ಕೇಳಲಿಲ್ಲ. ಕೇಳಿದ್ದರೆ, ಅತ್ತೆಯನ್ನು ಬಿಟ್ಟು ಹೇಗೆ ಬರಲಿ, ಆಗುವುದಿಲ್ಲ ಅಂತ ನಾನೇ ಹೇಳುತ್ತಿದ್ದೆ. ಕೇಳಲಿಲ್ಲ.